ಅಣ್ಣನ ಹನಿಮೂನ್ ಟಿಕೆಟ್ ನೀವೇ ಬುಕ್ ಮಾಡ್ಬೇಕಾ? ಹಾಗಾದ್ರೆ ಓದಿ

ಮನೆಯಲ್ಲಿ ಒಬ್ಬರು ಇಂಜಿನಿಯರಿಂಗ್ ಓದ್ತಿದ್ದಾರೆ ಅಂದ್ರೆ ಮುಗೀತು. ಅಜ್ಜಿಯ ಮೊಬೈಲ್ ರೀಚಾರ್ಜ್, ಚಿಕ್ಕಪ್ಪನ ಪ್ರಿಂಟರ್, ಇಡೀ ಮನೆಯವರ ರೈಲ್ವೆ ಟಿಕೆಟ್ ಎಲ್ಲ ಅವರ ತಲೆಗೇ. ಹಾಗಾಗಿ ಅಣ್ಣನಿಗೋ ಅಕ್ಕನಿಗೋ ಮದುವೆ ಗೊತ್ತಾದ ತಕ್ಷಣ "ಗೋಕರ್ಣಕ್ಕೆ ಎರಡು ಟಿಕೆಟ್ ನೋಡೋ" ಅನ್ನೋ ಫೋನ್ ನಿಮಗೂ ಬರುತ್ತೆ. ಆ್ಯಪ್ ತೆಗೆದು, ಬೆಂಗಳೂರು ಟು ಗೋಕರ್ಣ ರೋಡ್ ಅಂತ ಹೊಡೆದು, ಮೊದಲು ಕಂಡ ರಾತ್ರಿ ರೈಲನ್ನು ಬುಕ್ ಮಾಡಿಬಿಟ್ಟರೆ ಕೆಲಸ ಆಯ್ತು ನಿಜ. ಆದರೆ ಆ ದಾರಿಯ ಅರ್ಧ ಚೆಲುವು ಕತ್ತಲಲ್ಲಿ ಹೋಗಿರುತ್ತೆ.

ಕಾರಣ ಇಷ್ಟೇ. ಈ ದಾರಿಯಲ್ಲಿ ನೋಡಬೇಕಾದ್ದು ಎರಡು. ಒಂದು ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕದ ಘಾಟ್, ಇನ್ನೊಂದು ಕೊಂಕಣ ರೈಲ್ವೆಯ ನದಿ ಸೇತುವೆಗಳು. ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಘಾಟ್ ಇಳಿಯುವುದು ನಡುರಾತ್ರಿಯಲ್ಲಿ. ಬೆಳಗ್ಗೆ ಯಶವಂತಪುರದಿಂದ ಹೊರಡುವ ಕಾರವಾರದ ರೈಲು ಘಾಟನ್ನು ಹಗಲಲ್ಲೇ ತೋರಿಸುತ್ತೆ, ಆದರೆ ಹೊನ್ನಾವರ ಬರುವಷ್ಟರಲ್ಲಿ ಕತ್ತಲು. ಎರಡನ್ನೂ ಬೆಳಕಲ್ಲಿ ನೋಡಬೇಕು ಅಂದ್ರೆ ಪ್ರಯಾಣವನ್ನು ಎರಡು ತುಂಡು ಮಾಡಲೇಬೇಕು.

ಮೊದಲ ದಿನ ಘಾಟ್. ಸುಮಾರು 55 ಕಿ.ಮೀ. ಉದ್ದ, 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆಗಳು. ಮೀಟರ್ ಗೇಜ್ ಇದ್ದ ಈ ಮಾರ್ಗವನ್ನು 1996ರಲ್ಲಿ ಮುಚ್ಚಿ ಬ್ರಾಡ್ ಗೇಜ್ ಮಾಡಿದ್ರು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಕೊನೆಗೆ. ಇಳಿಜಾರು 50ಕ್ಕೆ 1, ಅಂದ್ರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಇಳಿತ. "ಇಷ್ಟೇನಾ, ನಮ್ಮ ಹಾಸ್ಟೆಲ್ ರೋಡೇ ಇದಕ್ಕಿಂತ ಕಡಿದಾಗಿದೆ" ಅನ್ನಬಹುದು. ಆದರೆ ಉಕ್ಕಿನ ಚಕ್ರ, ಉಕ್ಕಿನ ಹಳಿ, ಮೇಲಿಂದ ಮಳೆ. ಟೈರಿಗೆ ರೋಡಿನ ಮೇಲೆ ಸಿಗೋ ಹಿಡಿತದ ಅರ್ಧವೂ ಇಲ್ಲಿ ಸಿಗಲ್ಲ. 1000 ಟನ್ ರೈಲು 50ಕ್ಕೆ 1ರ ಇಳಿಜಾರಲ್ಲಿ ನಿಂತರೆ ಅದನ್ನು ಕೆಳಕ್ಕೆ ಎಳೆಯುವ ಬಲ ಸುಮಾರು 20 ಟನ್ ತೂಕದಷ್ಟು. ಫಸ್ಟ್ ಸೆಮ್ ಮೆಕ್ಯಾನಿಕ್ಸ್, ಲೆಕ್ಕ ಹಾಕಿ ನೋಡಿ. ಏರುವಾಗ ಹಿಂದಿನಿಂದ ಬ್ಯಾಂಕರ್ ಎಂಜಿನ್ ತಳ್ಳೋದು, ಇಳಿಯುವಾಗ ಗಂಟೆಗೆ 30 ಕಿ.ಮೀ. ದಾಟದೆ ತೆವಳೋದು ಇದಕ್ಕೇ. ನಿಲ್ಲದೇ ಹೋದರೂ ಈ 55 ಕಿ.ಮೀ.ಗೆ ಎರಡು ಗಂಟೆ ಹತ್ತಿರ ಬೇಕು.

ಹೊಸ ಜೋಡಿಗೆ ಈ ನಿಧಾನವೇ ಲಾಭ. ಅರೇಂಜ್ಡ್ ಮದುವೆ ಅಂದ್ಕೊಳ್ಳಿ. ನಿಶ್ಚಿತಾರ್ಥದಿಂದ ಮದುವೆ ತನಕ ಫೋನಲ್ಲೇ ಮಾತು. ಆಮೇಲೆ ಛತ್ರ, ನೆಂಟರು, ಬೀಗರ ಊಟ, ಫೋಟೋಗ್ರಾಫರ್ ಕಾಟ. ಪಕ್ಕದಲ್ಲಿ ಅತ್ತೆ ಮಾವ ಯಾರೂ ಇಲ್ಲದೆ, ಒಬ್ಬರ ಪಕ್ಕ ಒಬ್ಬರು ಇಡೀ ಹಗಲು ಕೂರೋದು ಅವರಿಗೆ ಇದೇ ಮೊದಲು ಇರಬಹುದು. ಮಾತು ಸಿಗದಿದ್ದರೆ ಕಿಟಕಿ ಇದೆ, ಕಿಟಕಿ ಬೇಜಾರಾದರೆ ಸುರಂಗ ಎಣಿಸಬಹುದು.

ಈ ಹಗಲು ರೈಲುಗಳಿಗೆ 2021ರ ಜುಲೈನಿಂದ ವಿಸ್ಟಾಡೋಮ್ ಬೋಗಿ ಸೇರಿಸಿದ್ದಾರೆ. ಗಾಜಿನ ಚಾವಣಿ, ತಿರುಗುವ ಸೀಟು, ಒಂದು ಬೋಗಿಗೆ 44 ಸೀಟು ಮಾತ್ರ. ದರ ಜಾಸ್ತಿ. ಸಕಲೇಶಪುರ ದಾಟಿದ ಮೇಲೆ ಎಲ್ಲರೂ ಮೊಬೈಲ್ ಹಿಡಿದು ಎದ್ದು ನಿಲ್ತಾರೆ, ಏಕಾಂತ ಅಂತ ಏನೂ ಇರಲ್ಲ. ಆದರೂ ಘಾಟಿಗೆ ಈ ಖರ್ಚು ಮಾಡಬಹುದು ಅನ್ನೋದು ನನ್ನ ಅಭಿಪ್ರಾಯ. ಸೀಟು ಸಿಗದಿದ್ದರೆ ಬೇಸರ ಬೇಡ, ಸಾದಾ ಬೋಗಿಯ ತೆರೆದ ಕಿಟಕಿಯಲ್ಲಿ ಮಳೆಯ ವಾಸನೆ ಬರುತ್ತೆ, ಗಾಜಿನೊಳಗೆ ಅದು ಬರಲ್ಲ. (ಎಡಕುಮೇರಿ ಹತ್ತಿರ ಹಳಿ ಮೇಲೆ ಟ್ರೆಕ್ ಹೋಗಿದ್ದ ಸೀನಿಯರ್‌ಗಳ ಕಥೆ ಕೇಳಿ ಹುಮ್ಮಸ್ಸು ಬರಿಸ್ಕೋಬೇಡಿ. ಅದು ನಿಷಿದ್ಧ.)

ಅವತ್ತು ರಾತ್ರಿ ಮಂಗಳೂರಲ್ಲಿ ಉಳಿಯಲಿ. ಕಾರವಾರದ ರೈಲಿನಲ್ಲೇ ಹೋಗಿದ್ದರೆ ಉಡುಪಿಯೂ ಆದೀತು.

ಎರಡನೇ ದಿನದ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡಿ. ಕೊಂಕಣ ರೈಲು ಅಂದ್ರೆ ಕಿಟಕಿಯಾಚೆ ಉದ್ದಕ್ಕೂ ಸಮುದ್ರ ಅಂತ ಬಹಳ ಜನ ಅಂದ್ಕೊಂಡಿರ್ತಾರೆ. ಹಾಗಿಲ್ಲ. ಹಳಿ ಬಹುಪಾಲು ಕಡಲಿಗಿಂತ ಒಳಗೇ ಸಾಗುತ್ತೆ. ಸಮುದ್ರ ಪಕ್ಕದಲ್ಲೇ ಬೇಕು ಅಂದ್ರೆ ಮರವಂತೆಯ ಹೆದ್ದಾರಿಗೆ ಹೋಗಬೇಕು, ಅಲ್ಲಿ ಒಂದು ಕಡೆ ಅಲೆ, ಇನ್ನೊಂದು ಕಡೆ ಸೌಪರ್ಣಿಕಾ ನದಿ. ರೈಲಿನಿಂದ ಕಾಣೋದು ಗದ್ದೆ, ತೆಂಗಿನ ತೋಟ, ಮತ್ತು ನದಿಗಳು ಕಡಲಿಗೆ ಸೇರೋ ಮುಂಚೆ ಅಗಲವಾಗಿ ಹರಡಿಕೊಂಡಿರುವ ನೀರು. ಹೊನ್ನಾವರದ ಶರಾವತಿ ಸೇತುವೆ 2 ಕಿ.ಮೀ.ಗಿಂತ ಉದ್ದ, ಇಡೀ ಕೊಂಕಣ ರೈಲ್ವೆಯಲ್ಲೇ ದೊಡ್ಡದು. ಅದಾದ ಮೇಲೆ ಕುಮಟಾ ದಾಟಿ ಅಘನಾಶಿನಿ. ಉತ್ತರಕ್ಕೆ ಹೋಗುವಾಗ ಪಶ್ಚಿಮ ಎಡಕ್ಕೆ ಬರುತ್ತೆ, ಹಾಗಾಗಿ ಎಡ ಕಿಟಕಿ ಹಿಡೀಬೇಕು. ಇದಕ್ಕೆ ಮಡಗಾಂವ್ ಕಡೆ ಹೋಗುವ ಬೆಳಗಿನ ಪ್ಯಾಸೆಂಜರ್ ರೈಲೇ ಚೆಂದ. ಸಣ್ಣ ಸಣ್ಣ ಸ್ಟೇಷನ್ನಿನಲ್ಲೂ ನಿಲ್ಲುತ್ತೆ, ಟಿಕೆಟ್ ಅಗ್ಗ.

ಈಗ ದಿನಾಂಕ. ಘಾಟ್ ಅತಿ ಸುಂದರವಾಗಿರೋದು ಆಷಾಢ, ಶ್ರಾವಣದ ಮಳೆಯಲ್ಲಿ. ನಮ್ಮ ಸಂಪ್ರದಾಯ ನೋಡಿದ್ರೆ ಆಷಾಢದಲ್ಲೇ ಹೊಸ ಮದುಮಗಳನ್ನು ತವರಿಗೆ ಕಳಿಸೋದು! ಮನೆಯವರು ಒಪ್ಪಿದರೂ ಆಗ ಅಪಾಯ ಇದ್ದೇ ಇದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಈ ಘಾಟಿನಲ್ಲಿ ವಾರಗಟ್ಟಲೆ ರೈಲು ನಿಂತಿತ್ತು, 2024ರ ಜುಲೈ ಕೊನೆಗೆ ಮತ್ತೆ ಹಾಗೇ ಆಯ್ತು. ಕೊಂಕಣ ರೈಲ್ವೆಯೂ ಮಳೆಗಾಲದಲ್ಲಿ ವೇಗ ಇಳಿಸಿ ಬೇರೆ ವೇಳಾಪಟ್ಟಿ ಹಾಕುತ್ತೆ. ಗೋಕರ್ಣದಲ್ಲಿ ದೋಣಿ ನಿಂತಿರುತ್ತೆ, ಕಡಲಿಗೆ ಇಳಿಯೋ ಹಾಗಿಲ್ಲ. ಅಕ್ಟೋಬರ್ ಕೊನೆಯಿಂದ ನವೆಂಬರ್ ಒಳ್ಳೇದು. ಕಾಡು ಇನ್ನೂ ಹಸಿರಾಗಿರುತ್ತೆ, ತೊರೆಗಳಲ್ಲಿ ನೀರಿರುತ್ತೆ, ಕಡಲು ಶಾಂತವಾಗಿರುತ್ತೆ.

ರಿಸರ್ವೇಷನ್ ತೆರೆಯೋದು ಈಗ 60 ದಿನ ಮುಂಚೆ, 2024ರ ನವೆಂಬರ್‌ಗಿಂತ ಮೊದಲು 120 ದಿನ ಇತ್ತು. ಬೀಗರ ಊಟ ಯಾವತ್ತು ಅಂತ ದೊಡ್ಡವರ ಹತ್ರ ಖಚಿತ ಮಾಡ್ಕೊಂಡೇ ಕೂರಿ, ಅದು ಮುಂದೆ ಹೋಗೋದು ಜಾಸ್ತಿ. ಇಬ್ಬರನ್ನೂ ಒಂದೇ ಪಿಎನ್‌ಆರ್‌ನಲ್ಲಿ ಹಾಕಿ. ಅತ್ತಿಗೆಯ ಹೆಸರು ಆಧಾರ್‌ನಲ್ಲಿ ಇದ್ದ ಹಾಗೇ ಇರಲಿ. ಪ್ರೀತಿಗೆ ಅಣ್ಣನ ಹೆಸರು ಸೇರಿಸಿದ್ರೆ ಟಿಟಿಇ ಮುಂದೆ ಗುರುತಿನ ಚೀಟಿಗೆ ತಾಳೆ ಆಗಲ್ಲ. ವೇಟಿಂಗ್ ಲಿಸ್ಟಲ್ಲೇ ಉಳಿದ ಇ-ಟಿಕೆಟ್ ಚಾರ್ಟ್ ಆದ ಮೇಲೆ ತಾನಾಗೇ ರದ್ದಾಗುತ್ತೆ, ಅದನ್ನು ನಂಬಿ ಹೋಟೆಲ್ ದುಡ್ಡು ಕಟ್ಟಬೇಡಿ. ಫಸ್ಟ್ ಎಸಿಯಲ್ಲಿ ಇಬ್ಬರಿಗೇ ಆಗುವ ಕೂಪೆ ಇರುತ್ತೆ, ಆದರೆ ಅದು ಸಿಕ್ಕಿತೋ ಇಲ್ಲವೋ ಗೊತ್ತಾಗೋದು ಚಾರ್ಟ್ ಬಂದಾಗಲೇ, ಮೊದಲೇ ಮಾತು ಕೊಡಬೇಡಿ.

ವಾಪಸ್ ಬರೋಕೆ ರಾತ್ರಿಯ ಪಂಚಗಂಗಾನೇ ಸಾಕು, ನೋಡೋದನ್ನೆಲ್ಲ ನೋಡಿ ಆಗಿರುತ್ತೆ. ಗೋಕರ್ಣ ರೋಡ್ ಸ್ಟೇಷನ್ ಊರಿಂದ ಸುಮಾರು 10 ಕಿ.ಮೀ. ದೂರ. ಹೋದ ದಿನ ಕರೆತಂದ ಆಟೋದವರ ನಂಬರ್ ಇಟ್ಕೊಂಡು, ವಾಪಸ್ ಹೊರಡೋ ಸಂಜೆಗೆ ಅವರಿಗೇ ಹೇಳಿಡಲಿ. ಓಂ ಬೀಚಿನಿಂದ ಹಾಫ್ ಮೂನ್‌ಗೆ ಗುಡ್ಡದ ದಾರಿಯಲ್ಲಿ ನಡೆದು ಹೋದವರು ಸೂರ್ಯಾಸ್ತ ನೋಡ್ತಾ ಕೂತು ರೈಲು ಮರೆಯೋದುಂಟು.