ಗೊಂಬೆಯ ಅಡಿಯಲ್ಲಿ ಅಮ್ಮನ ಅಕ್ಷರ

ಪಿತೃಪಕ್ಷ ಮುಗಿಯುತ್ತ ಬಂದರೆ ಮೈಸೂರಿನ ನಮ್ಮ ಮನೆಯಲ್ಲಿ ಅಟ್ಟಕ್ಕೆ ಏಣಿ ಬೀಳುತ್ತಿತ್ತು. ಹಿರಿಯರಿಗೆ ಎಡೆ ಇಟ್ಟ ಅಮಾವಾಸ್ಯೆಯ ಮರುದಿನವೇ ಪಾಡ್ಯ, ಗೊಂಬೆ ಕೂರಿಸುವ ದಿನ. ಕಬ್ಬಿಣದ ಎರಡು ಟ್ರಂಕುಗಳನ್ನು ನಾನು ಇಳಿಸಬೇಕು, ಅಮ್ಮ ಬಿಚ್ಚಬೇಕು. ನುಸಿಗುಳಿಗೆಯ ವಾಸನೆಯ ನಡುವೆ, ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿದ ಗೊಂಬೆಗಳು ಒಂದೊಂದಾಗಿ ಹೊರಬರುತ್ತಿದ್ದವು. ಅಮ್ಮ ಒರೆಸಿ, ತಿರುಗಿಸಿ, ಅಡಿಯಲ್ಲಿ ತಾನೇ ಪೆನ್ಸಿಲ್‌ನಲ್ಲಿ ಬರೆದದ್ದನ್ನು ಓದಿ, ಆಮೇಲೆ ನನ್ನ ಕೈಗೆ ಕೊಡುತ್ತಿದ್ದಳು. ‘1974. ಚನ್ನಪಟ್ಟಣ. 4 ರೂ.’ ಪ್ರತಿ ಗೊಂಬೆಗೂ ವರ್ಷ, ಊರು, ಬೆಲೆ.

ಈ ಸಾಲಿನ ಮೊದಲ ಜೋಡಿ ಮಾತ್ರ ಕೊಂಡದ್ದಲ್ಲ. 1971ರಲ್ಲಿ ಅಮ್ಮನ ಮದುವೆಯಾದಾಗ ನನ್ನ ಅಜ್ಜಿ ಮಡಿಲಿಗೆ ಹಾಕಿದ ಪಟ್ಟದ ಗೊಂಬೆಗಳು ಅವು. ರಕ್ತಚಂದನದ ಮರದಲ್ಲಿ ಕೆತ್ತಿದ ರಾಜ, ರಾಣಿ. ತವರಿನಿಂದ ಮಗಳ ಮನೆಗೆ ಪಟ್ಟದ ಗೊಂಬೆ ಬರುವುದು ಹಳೇ ಮೈಸೂರು ಸೀಮೆಯ ಪದ್ಧತಿ. ಪ್ರತಿ ನವರಾತ್ರಿಗೂ ಅವಕ್ಕೆ ಹೊಸ ಬಟ್ಟೆ, ಮೇಲಿನ ಮೆಟ್ಟಿಲಲ್ಲಿ ಕಲಶದ ಪಕ್ಕದ ಜಾಗ. ಉಳಿದ ಗೊಂಬೆಗಳೆಲ್ಲ ಆ ದಂಪತಿಯ ಪರಿವಾರ. ವರ್ಷಕ್ಕೆ ಒಂದಾದರೂ ಹೊಸ ಗೊಂಬೆ ಸೇರಬೇಕೆಂಬ ರೂಢಿಯನ್ನು ಅಮ್ಮ ವ್ರತದಂತೆ ಹಿಡಿದಳು.

ಊರಿಗೂ ಇದು ಹೊಸದಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರಾ ಆಮೇಲೆ ಮೈಸೂರಿಗೆ ಬಂತು. ಮರದ ಹಳೆಯ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ, 1912ರಲ್ಲಿ ಮುಗಿದ ಈಗಿನ ಅರಮನೆಯಲ್ಲಿ ಗೊಂಬೆಗಳಿಗಾಗಿಯೇ ‘ಗೊಂಬೆ ತೊಟ್ಟಿ’ ಇದೆ. ಅಲ್ಲಿ ನಮ್ಮ ದೇಶದ ಗೊಂಬೆಗಳ ಜೊತೆ ಯುರೋಪಿನವೂ ಇವೆ. ನನ್ನನ್ನು ಕರೆದುಕೊಂಡು ಹೋದಾಗಲೆಲ್ಲ ಅಮ್ಮ ಅಲ್ಲಿ ಬಹಳ ಹೊತ್ತು ನಿಲ್ಲುತ್ತಿದ್ದಳು. ‘ಇವು ಹಡಗಿನಲ್ಲಿ ಬಂದವಪ್ಪ, ಎಷ್ಟು ದೂರದಿಂದ!’ ಎನ್ನುತ್ತಿದ್ದಳು.

ಊರು ಕೇಳದೆ ಗೊಂಬೆ ಕೊಳ್ಳಬಾರದೆಂಬುದು ಅವಳ ನಿಯಮ. ‘ಮನೆಗೆ ಬಂದೋರನ್ನ ಯಾವೂರು ಅಂತ ಕೇಳಲ್ವಾ? ಇದೂ ಹಾಗೇ.’ ಅಂಗಡಿಯವನಿಗೆ ಗೊತ್ತಿಲ್ಲದಿದ್ದರೆ ಪಕ್ಕದ ಅಂಗಡಿಗೆ ನಡೆಯುತ್ತಿದ್ದಳು. ಹೀಗೆ ಎರಡನೇ ಮೆಟ್ಟಿಲಿಗೆ ಕೃಷ್ಣಾ ತೀರದ ಕೊಂಡಪಲ್ಲಿಯಿಂದ ದಶಾವತಾರ ಬಂತು. ಅದನ್ನು ಎತ್ತಿದರೆ ಕೈಗೆ ಭಾರವೇ ಇಲ್ಲ. ಅಲ್ಲಿನವರು ಕೆತ್ತುವುದು ಪೊಣಿಕಿ ಎಂಬ ಹಗುರ ಮರವನ್ನು. ಕೈಕಾಲುಗಳನ್ನು ಬೇರೆಯಾಗಿ ಮಾಡಿ, ಹುಣಸೆ ಬೀಜ ಮತ್ತು ಮರದ ಪುಡಿಯ ಅಂಟಿನಿಂದ ಕೂಡಿಸುತ್ತಾರೆ. ಹಂಪಿಗೆ ಹೋದ ವರ್ಷ ಕೊಪ್ಪಳದ ಹತ್ತಿರದ ಕಿನ್ನಾಳಕ್ಕೂ ಹೋದೆವು. ಅಲ್ಲಿನ ಚಿತ್ರಗಾರ ಮನೆತನಗಳವರು ಹುಣಸೆ ಬೀಜದ ಅಂಟನ್ನೇ ಬಳಸುವುದು ಕಂಡು ಅಮ್ಮನಿಗೆ ದೂರದ ಸಂಬಂಧಿಕರು ಸಿಕ್ಕಷ್ಟು ಸಂತೋಷ. ಮಣ್ಣಿನ ಗೊಂಬೆಗಳು ತಮಿಳುನಾಡಿನ ಪಣ್ರುಟ್ಟಿಯವು. ಕೆಳಗಿನ ಮೆಟ್ಟಿಲಲ್ಲಿ ಶೆಟ್ಟಿ, ಶೆಟ್ಟಮ್ಮರ ಅಂಗಡಿ, ಅವರ ಮುಂದೆ ಪುಟ್ಟ ತಟ್ಟೆಗಳಲ್ಲಿ ಅಕ್ಕಿ, ಬೇಳೆ, ಬೆಲ್ಲ. ಪಕ್ಕದಲ್ಲಿ ರಾಗಿ ಪೈರಿನ ತೋಟ, ಕನ್ನಡಿಯ ಕೆರೆ. ಸಂಜೆ ಬೀದಿಯ ಮಕ್ಕಳೆಲ್ಲ ಬಂದು ಗೊಂಬೆ ಬಾಗಿನಕ್ಕೆ ಕೈ ಒಡ್ಡುವರು. ತಿಂಡಿ ಕೊಡುವ ಮೊದಲು ಅಮ್ಮ ಅವರಿಗೂ ಗೊಂಬೆಗಳ ಊರು ಹೇಳುತ್ತಿದ್ದಳು.

ನಾನು ಒಬ್ಬನೇ ಮಗ, ಅಕ್ಕತಂಗಿಯರಿಲ್ಲ. ‘ಪಟ್ಟದ ಗೊಂಬೆ ಮುಂದೆ ಯಾರಿಗಮ್ಮಾ?’ ಎಂದು ಬಂದವರು ಕೇಳಿದರೆ, ‘ಟ್ರಂಕು ಇಳಿಸೋನು ಇದ್ದಾನಲ್ಲ’ ಎನ್ನುತ್ತಿದ್ದಳು. ವಿಜಯದಶಮಿಯ ರಾತ್ರಿ ಆರತಿ ಎತ್ತಿ, ರಾಜನನ್ನು ಮೆಲ್ಲಗೆ ಮಲಗಿಸುವ ಕೆಲಸವನ್ನು ನನಗೆ ಒಪ್ಪಿಸಿದ್ದೂ ಅವಳೇ.

2022ರ ಶ್ರಾವಣದಲ್ಲಿ ಅಮ್ಮ ತೀರಿಕೊಂಡಳು. ವರ್ಷದ ಒಳಗೆ ಹಬ್ಬವಿಲ್ಲ. ಆ ದಸರೆಗೆ ಅಟ್ಟಕ್ಕೆ ಏಣಿ ಹಾಕಲಿಲ್ಲ. ದೀಪಗಳಿಂದ ತುಂಬಿದ ಊರಿನಲ್ಲಿ ನಮ್ಮ ಹಜಾರ ಖಾಲಿ ಇತ್ತು.

ವರ್ಷಾಬ್ದಿಕ ಮುಗಿದ ಮೇಲೆ, 2023ರಲ್ಲಿ, ಟ್ರಂಕನ್ನು ನಾನೇ ಇಳಿಸಿ ನಾನೇ ಬಿಚ್ಚಿದೆ. ಅಮ್ಮ ಓದುತ್ತಿದ್ದಂತೆ ಒಂದೊಂದರ ಅಡಿಯನ್ನೂ ಓದುತ್ತ ಹೋದೆ. ಬೀಸುವ ಕಲ್ಲಿನ ಮುಂದೆ ಕಾಲು ಚಾಚಿ ಕೂತ ಹೆಂಗಸಿನ ಮಣ್ಣಿನ ಗೊಂಬೆ ಸಿಕ್ಕಿತು. ಚಿಕ್ಕಂದಿನಿಂದ ನೋಡಿದ್ದರೂ ಅದನ್ನು ಅಮ್ಮ ನನ್ನ ಕೈಗೆ ಕೊಟ್ಟದ್ದಿಲ್ಲ, ತಾನೇ ಇಡುತ್ತಿದ್ದಳು. ತಿರುಗಿಸಿದೆ. ‘1983. ಪಣ್ರುಟ್ಟಿ. ಅವ್ವ.’ ಬೆಲೆ ಇರಲಿಲ್ಲ. 1983 ನನ್ನ ಅಜ್ಜಿ ಹೋದ ವರ್ಷ. ಆ ಗೊಂಬೆಯ ಹಾಗೆಯೇ ಅಜ್ಜಿ ಮುಂಜಾನೆ ರಾಗಿ ಬೀಸುತ್ತಿದ್ದಳೆಂದು ಅಮ್ಮ ಹೇಳಿದ್ದಳು. ಗೊಂಬೆಯನ್ನು ಮಡಿಲಲ್ಲಿ ಇಟ್ಟುಕೊಂಡು ಟ್ರಂಕಿನ ಪಕ್ಕ ತುಂಬ ಹೊತ್ತು ಕೂತೆ.

ಮರುದಿನ ಚನ್ನಪಟ್ಟಣಕ್ಕೆ ಹೋದೆ. ಅಮ್ಮ ಮೊದಲು ದುಡ್ಡು ಕೊಟ್ಟು ಕೊಂಡ ಗೊಂಬೆಯ ಊರು ಅದು. ಚರಕಿಯ ಮುಂದೆ ಕೂತಿದ್ದ ಹಿರಿಯ ಕುಶಲಕರ್ಮಿ ಹಾಲೆ ಮರದ ತುಂಡನ್ನು ಸಿಕ್ಕಿಸಿ, ಉಳಿ ಹಿಡಿದು ತಲೆ, ಸೊಂಟ ತೆಗೆದರು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರು. ಉಜ್ಜಿದ ಬಿಸಿಗೆ ಅರಗು ಕರಗಿ ಮರದ ಮೈಗೆ ಹತ್ತಿತು. ಒಣ ಗರಿಯನ್ನು ಅದರ ಮೇಲೆ ಹಿಡಿದಾಗ ಹೊಳಪು ಬಂತು. ಬಿಂದಿಗೆ ಹೊತ್ತ ಹೆಂಗಸೊಂದು ನನ್ನ ಕಣ್ಣೆದುರೇ ಹುಟ್ಟಿತು. ಅಡಿಗೆ ಬಣ್ಣ ಬೇಡವೆಂದು ಕೇಳಿಕೊಂಡೆ. ‘ಯಾಕೆ ಸ್ವಾಮಿ?’ ಎಂದರು. ‘ಬರೆಯೋದಿದೆ’ ಎಂದೆ.

ಪಾಡ್ಯದ ಬೆಳಿಗ್ಗೆ ರಾಜರಾಣಿಯರಿಗೆ ಹೊಸ ಬಟ್ಟೆ ಉಡಿಸಿ, ಕಲಶದ ಪಕ್ಕ ಕೂರಿಸಿದೆ. ಬೀಸುವ ಕಲ್ಲಿನ ಹೆಂಗಸಿನ ಪಕ್ಕ ಬಿಂದಿಗೆಯವಳಿಗೆ ಜಾಗ ಮಾಡಿದೆ. ಇಡುವ ಮೊದಲು ಅಮ್ಮನ ಪೆನ್ಸಿಲ್ ಹುಡುಕಿ ತಂದು, ವರ್ಷ ಬರೆದೆ, ಊರು ಬರೆದೆ. ಬೆಲೆಯ ಜಾಗದಲ್ಲಿ ‘ಅಮ್ಮ’ ಎಂದು ಬರೆದೆ.

ಸಂಜೆ ಬೀದಿಯ ಮಕ್ಕಳು ಬಂದರು. ಕೈ ಒಡ್ಡಿದವರಿಗೆ ಮೊದಲು ಗೊಂಬೆಗಳ ಊರು ಹೇಳಿದೆ.