ಕನ್ನಡಿಯ ಮುಂದೆ ಕುಗ್ಗದಿರಲಿ ನಮ್ಮ ಹೆಣ್ಣುಮಕ್ಕಳು

ನಾಗಪುರ: ಹಬ್ಬ, ಮದುವೆ ಬಂತೆಂದರೆ ನಾಗಪುರದ ಮಂದಿಯ ಕಾಲು ತಾನಾಗಿ ಸೀತಾಬರ್ಡಿಯತ್ತ ತಿರುಗುತ್ತದೆ. ಅಲ್ಲಿನ ಬಟ್ಟೆ ಅಂಗಡಿಗಳ ಮುಂದೆ ನಿಂತ ಬೊಂಬೆಗಳೆಲ್ಲ ಹೆಚ್ಚುಕಡಿಮೆ ಒಂದೇ ಅಳತೆಯವು. ಕೊಳ್ಳಲು ಬರುವ ಹುಡುಗಿಯರ ಅಳತೆ ಮಾತ್ರ ನೂರೆಂಟು. ಉಡುಪು ಬಿಗಿಯಾದರೆ ಉಡುಪಿನ ತಪ್ಪೆನ್ನದೆ, ತನ್ನ ಮೈಯೇ ಸರಿಯಿಲ್ಲವೆಂದು ಕೊರಗುವ ವಯಸ್ಸದು.

ಮೈನೆರೆಯುವ ಹೊತ್ತಿನಲ್ಲಿ ಸೊಂಟ, ತೊಡೆ ತುಂಬಿಕೊಳ್ಳುವುದು ಪ್ರಕೃತಿ ನಿಯಮ. ಆದರೆ ಸಮಾರಂಭಗಳಲ್ಲಿ "ಎಷ್ಟು ದಪ್ಪಗಾಗಿದ್ದೀಯಲ್ಲೇ!" ಎಂದು ಅತ್ತೆಯೋ ದೊಡ್ಡಮ್ಮನೋ ತಮಾಷೆಗೆ ಆಡಿದ ಮಾತು ಹುಡುಗಿಯ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಬಹುದು.

ತುಂಬಿದ ಮೈಯೇ ಚೆಲುವೆಂದು ನಂಬಿದ್ದ ಫಿಜಿಯ ಉದಾಹರಣೆ ನೋಡಿ. ಅಲ್ಲಿನ ನಡ್ರೋಗಾ ಪ್ರದೇಶಕ್ಕೆ ಟಿವಿ ಬಂದದ್ದು 1995ರಲ್ಲಿ. ಅಮೆರಿಕದ ಸಂಶೋಧಕಿ ಆ್ಯನ್ ಬೆಕರ್ ಆಗ ಶಾಲಾ ಹುಡುಗಿಯರ ಸಮೀಕ್ಷೆ ನಡೆಸಿದಾಗ ಶೇ. 12.7 ಮಂದಿಯಲ್ಲಿ ಆಹಾರ ಸಂಬಂಧಿ ಮನೋವಿಕಾರದ ಸೂಚನೆಯಿತ್ತು. 1998ರಲ್ಲಿ ಅದು ಶೇ. 29.2ಕ್ಕೆ ಏರಿತ್ತು. ತೂಕ ಇಳಿಸಲು ಬೇಕೆಂದೇ ವಾಂತಿ ಮಾಡುವವರು ಮೊದಲು ಒಬ್ಬರೂ ಇರಲಿಲ್ಲ. ಮೂರೇ ವರ್ಷಗಳಲ್ಲಿ ಅಂಥವರು ಶೇ. 11.3 ಆದರು. ಇಂದು ಟಿವಿಯ ಜಾಗಕ್ಕೆ ಅಂಗೈಯ ಮೊಬೈಲ್ ಬಂದಿದೆ.

ನಮ್ಮ ದೇಶದಲ್ಲಿ ಹದಿಹರೆಯದವರ ಆರೋಗ್ಯ ಮೊದಲೇ ಅಷ್ಟಕ್ಕಷ್ಟೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59.1 ಮಂದಿಗೆ ರಕ್ತಹೀನತೆಯಿದೆ. ಅದರ ಮೇಲೆ ಊಟವನ್ನೂ ಬಿಟ್ಟರೆ ಗತಿಯೇನು?

ಹೆತ್ತವರು ಕೆಲವು ಲಕ್ಷಣಗಳನ್ನು ಗಮನಿಸಬೇಕು. ಊಟದ ಹೊತ್ತಿಗೆ ದಿನಕ್ಕೊಂದು ನೆಪ, ಉಂಡ ಕೂಡಲೇ ಬಚ್ಚಲಿನ ಬಾಗಿಲು ಹಾಕಿಕೊಳ್ಳುವುದು, ಪದೇ ಪದೇ ತೂಕ ನೋಡುವುದು, ತಲೆಸುತ್ತು, ಮುಟ್ಟು ನಿಲ್ಲುವುದು. ಇದು ಹಟವೂ ಅಲ್ಲ, ಬಿಂಕವೂ ಅಲ್ಲ. ಚಿಕಿತ್ಸೆ ಬೇಕಾದ ಕಾಯಿಲೆ. ಅಲಕ್ಷಿಸಿದರೆ ಹೃದಯಕ್ಕೂ ಪೆಟ್ಟು, ಪ್ರಾಣಕ್ಕೂ ಅಪಾಯ. ನೋಡಲು ಸಣಕಲಾಗಿಲ್ಲದ ಹುಡುಗಿಗೂ ಇದು ಬರಬಹುದು.

ತಡೆಯುವ ಕೆಲಸ ಮನೆಯಿಂದಲೇ ಆರಂಭವಾಗಬೇಕು. ದಿನಕ್ಕೆ ಒಂದು ಹೊತ್ತಾದರೂ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಿ. ಮೈಬಣ್ಣ, ಗಾತ್ರದ ಮಾತು ಬಿಟ್ಟು ಮಗಳ ಓದು, ಆಟ, ಹಾಡು ಮೆಚ್ಚಿ. ತಾಯಿಯೂ ಮಗಳ ಎದುರು ತನ್ನ ಮೈಯನ್ನು ಹಳಿದುಕೊಳ್ಳದಿರಲಿ. ತೂಕದ ಬಗ್ಗೆ ನಿಜವಾಗಿಯೂ ಚಿಂತೆಯಿದ್ದರೆ ವೈದ್ಯರನ್ನು ಕೇಳಿ, ಮೊಬೈಲಿನ ಡಯಟ್ ನಂಬಬೇಡಿ.

ಅನುಮಾನ ಬಂದರೆ ಗದರದೆ, ನಾಚದೆ ಮನೋವೈದ್ಯರನ್ನು ಕಾಣಿರಿ. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ 'ಟೆಲಿ ಮಾನಸ್' ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತನಾಡಬಹುದು. ಊರು ಬಿಟ್ಟು ಬಂದ ಕುಟುಂಬಗಳಿಗೆ ನೋವನ್ನು ತಾಯ್ನುಡಿಯಲ್ಲಿ ಹೇಳಿಕೊಳ್ಳಲು ಇದೊಂದು ಅನುಕೂಲ. ನಮ್ಮ ಸಂಘಗಳ ಮಹಿಳಾ ವಿಭಾಗಗಳು ಮುಂದಿನ ಹಳದಿ-ಕುಂಕುಮ ಕೂಟದಲ್ಲಿ ಈ ವಿಷಯಕ್ಕೆ ಅರ್ಧ ಗಂಟೆ ಮೀಸಲಿಟ್ಟರೆ ಹಲವು ಮನೆಗಳಿಗೆ ಉಪಕಾರವಾದೀತು.