ಲಾಗ್ ಬುಕ್ಕಿನಲ್ಲಿ ಯಾರ ಹೆಸರಿದೆ?

ಮೈಸೂರಿನ ಕುಕ್ಕರಹಳ್ಳಿ ಕೆರೆ ಬಳಸಿಕೊಂಡು ಮಾನಸಗಂಗೋತ್ರಿಯೊಳಗೆ ಬಂದರೆ ಮರಗಳ ನೆರಳೇ ಅರ್ಧ ಮನಸ್ಸು ಒಲಿಸಿಬಿಡುತ್ತದೆ. ಅಡ್ಮಿಶನ್ ದಿನಗಳಲ್ಲಿ ಮಗಳ ಜೊತೆ ಊರಿಂದ ಬಂದ ಅಪ್ಪ-ಅಮ್ಮ ‘ಜಾಗ ಚೆನ್ನಾಗಿದೆ’ ಎಂದು ಅಲ್ಲೇ ಅರ್ಧ ತೀರ್ಮಾನ ಮಾಡಿರುತ್ತಾರೆ. ವಿಶ್ವವಿದ್ಯಾನಿಲಯ 1916ರದ್ದು, ಆವರಣಕ್ಕೆ ಹೆಸರಿಟ್ಟವರು ಕುವೆಂಪು, ಹೆಸರಿಗೇನೂ ಕೊರತೆಯಿಲ್ಲ. ಆದರೆ ಎಂ.ಎಸ್ಸಿ. ಕೆಮಿಸ್ಟ್ರಿ ಎಂದರೆ ಎರಡು ವರ್ಷದ ಹಾಸ್ಟೆಲ್ ಖರ್ಚು, ಆಮೇಲೆ ಕೆಲಸದ ಚಿಂತೆ. ಅದನ್ನು ಅಳೆಯಲು ಮರದ ಕೆಳಗೆ ನಿಂತರೆ ಆಗದು, ಲ್ಯಾಬಿನೊಳಗೆ ಹೋಗಬೇಕು.

ಇಲ್ಲಿ ರಸಾಯನಶಾಸ್ತ್ರಕ್ಕೆ ಒಂದು, ಸಾವಯವ ರಸಾಯನಶಾಸ್ತ್ರಕ್ಕೆ ಇನ್ನೊಂದು ಅಧ್ಯಯನ ವಿಭಾಗವಿದೆ. ‘ಆರ್ಗ್ಯಾನಿಕ್ ತಗೊಂಡ್ರೆ ಫಾರ್ಮಾ ಕೆಲಸ ಗ್ಯಾರಂಟಿ’ ಎಂಬ ಮಾತು ಹುಡುಗರ ನಡುವೆ ಓಡಾಡುತ್ತಲೇ ಇರುತ್ತದೆ. ಗ್ಯಾರಂಟಿ ಎನ್ನುವುದು ದೊಡ್ಡ ಮಾತು. ಔಷಧ ಕಂಪನಿಗಳ ಸಂಶೋಧನಾ ವಿಭಾಗಕ್ಕೆ ಸಿಂಥೆಸಿಸ್ ಬಲ್ಲವರು ಬೇಕು, ಅಲ್ಲಿ ಆರ್ಗ್ಯಾನಿಕ್‌ನವರಿಗೆ ಮೊದಲ ಮಣೆ, ನಿಜ. ಪಾಠ ಹೇಳುವ ಕನಸಿದ್ದವರ ದಾರಿ ಬೇರೆ. ಕಾಲೇಜು ಅಧ್ಯಾಪಕರ ಅರ್ಹತೆಗೆ ನಡೆಯುವ ನೆಟ್, ಕೆ-ಸೆಟ್ ಪರೀಕ್ಷೆಯ ‘ಕೆಮಿಕಲ್ ಸೈನ್ಸಸ್’ ಪತ್ರಿಕೆ ಇನಾರ್ಗ್ಯಾನಿಕ್, ಫಿಸಿಕಲ್ ಯಾವುದನ್ನೂ ಬಿಡುವುದಿಲ್ಲ. ಅಲ್ಲಿಗೆ ಕಣ್ಣಿಟ್ಟವರು ಜನರಲ್ ಕೆಮಿಸ್ಟ್ರಿ ಓದುವುದೇ ಮೇಲು ಎಂದು ನನ್ನ ಅಭಿಪ್ರಾಯ.

ಕೆಮಿಸ್ಟ್ರಿ ವಿಭಾಗದ ಕಾರಿಡಾರನ್ನು ಕಣ್ಣು ಮುಚ್ಚಿಕೊಂಡೂ ಗುರುತಿಸಬಹುದು. ಈಥೈಲ್ ಅಸಿಟೇಟಿನ ಸಿಹಿ ವಾಸನೆ, ಅದರಡಿ ಎಲ್ಲೋ ಒಂದು ಆಸಿಡ್ಡಿನ ಘಾಟು. ವಾಸನೆ ತೀರಾ ಜಾಸ್ತಿಯಿದ್ದರೆ ಫ್ಯೂಮ್ ಹುಡ್ ಕಡೆ ನೋಡಿ. ತೆಳ್ಳನೆಯ ಕಾಗದದ ಪಟ್ಟಿಯೊಂದನ್ನು ಅದರ ಗಾಜಿನ ಬಾಗಿಲ ಬಳಿ ಹಿಡಿದರೆ ಪಟ್ಟಿ ಒಳಗೆ ಬಾಗಬೇಕು. ಬಾಗದಿದ್ದರೆ ಆ ಹುಡ್ ಬರೀ ಬೀರು ಎಂದೇ ಲೆಕ್ಕ.

ಬೆಂಚಿನ ಬಳಿ ನಿಂತ ಹುಡುಗಿಯೊಬ್ಬಳು ಮಿಶ್ರಣದ ವಸ್ತುಗಳನ್ನು ಬೇರೆಬೇರೆ ಮಾಡಿ ತೋರಿಸುವ, ಬೆರಳುದ್ದದ ಟಿ.ಎಲ್.ಸಿ. ಪ್ಲೇಟಿನ ಬುಡದಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದಾಳೆ. ಪೆನ್ನು ಕೂಡದು, ಶಾಯಿಯೂ ದ್ರಾವಕದ ಜೊತೆ ಮೇಲಕ್ಕೆ ಹತ್ತಿಬಿಡುತ್ತದೆ. ಕೂದಲೆಳೆಯಷ್ಟು ಸಣ್ಣ ಗಾಜಿನ ನಳಿಗೆಯಿಂದ ಗೆರೆಯ ಮೇಲೆ ಎರಡು ಚುಕ್ಕೆ ಇಟ್ಟಳು: ಒಂದು ಶುರುವಿನ ವಸ್ತು, ಇನ್ನೊಂದು ಫ್ಲಾಸ್ಕಿನಲ್ಲಿ ಕುದಿಯುತ್ತಿರುವ ಮಿಶ್ರಣ. ಪ್ಲೇಟನ್ನು ದ್ರಾವಕವಿದ್ದ ಬೀಕರಿಗಿಳಿಸಿ ಮೇಲೆ ವಾಚ್ ಗ್ಲಾಸ್ ಮುಚ್ಚಿದಳು. ಕೆಲವು ನಿಮಿಷದ ಮೇಲೆ ತೆಗೆದು ಆರಿಸಿ ಯು.ವಿ. ದೀಪದಡಿ ಹಿಡಿದರೆ, ಹಸಿರು ಬೆಳಕಿನ ನಡುವೆ ಕಪ್ಪು ಕಲೆಗಳು. ಶುರುವಿನ ವಸ್ತುವಿನ ಕಲೆ ಮಿಶ್ರಣದ ಸಾಲಿನಲ್ಲೂ ಉಳಿದಿತ್ತು. ಕ್ರಿಯೆ ಮುಗಿದಿಲ್ಲ, ಇನ್ನೊಂದಿಷ್ಟು ಹೊತ್ತು ಕಾಯಬೇಕು. ಯಾರನ್ನೂ ಕೇಳದೆ ಅವಳೇ ಅದನ್ನು ತೀರ್ಮಾನಿಸಿ ನೋಟ್‌ಬುಕ್ಕಿನಲ್ಲಿ ಸಮಯ ಬರೆದುಕೊಂಡಳು. ಕಂಪನಿಗಳು ದುಡ್ಡು ಕೊಡುವುದು ಈ ತೀರ್ಮಾನಕ್ಕೆ.

ದೊಡ್ಡ ಉಪಕರಣಗಳ ಮಾತು ಬೇರೆ. ಅಣುವಿನ ರಚನೆ ತಿಳಿಸುವ ಎನ್.ಎಂ.ಆರ್. ಯಂತ್ರದ ಅಯಸ್ಕಾಂತವನ್ನು ದ್ರವ ಹೀಲಿಯಂನಲ್ಲಿ ಮುಳುಗಿಸಿ ತಣ್ಣಗಿಡಬೇಕು, ಅದರ ಖರ್ಚೇ ಖರ್ಚು. ಹಾಗಾಗಿ ಯಾವ ವಿಶ್ವವಿದ್ಯಾನಿಲಯದಲ್ಲೂ ಅದು ಗರ್ಭಗುಡಿ ಇದ್ದಂತೆ, ವಿದ್ಯಾರ್ಥಿಗೆ ಹೊರಗಿನ ದರ್ಶನ ಮಾತ್ರ. ಅದನ್ನು ದೂರಬೇಕಿಲ್ಲ, ಹೊರಬಂದ ಗ್ರಾಫನ್ನು ಓದಲು ಕಲಿಸಿದರೆ ಸಾಕು. ಮಿಶ್ರಣವನ್ನು ಬೇರ್ಪಡಿಸಿ ಅಳೆಯುವ ಎಚ್.ಪಿ.ಎಲ್.ಸಿ., ಯು.ವಿ. ಸ್ಪೆಕ್ಟ್ರೋಫೋಟೋಮೀಟರ್‌ಗಳಿಗೆ ಮಾತ್ರ ಈ ರಿಯಾಯಿತಿ ಸಲ್ಲದು. ಅವುಗಳ ಪಕ್ಕ ಒಂದು ಲಾಗ್ ಬುಕ್ ಇರುತ್ತದೆ: ದಿನಾಂಕ, ಸ್ಯಾಂಪಲ್, ಕಾಲಮ್, ಬಳಸಿದವರ ಸಹಿ. ಯಾವ ವಿಭಾಗಕ್ಕೇ ಹೋಗಿ, ಮುಖ್ಯಸ್ಥರ ಅನುಮತಿ ಕೇಳಿ ಅದನ್ನೊಮ್ಮೆ ತಿರುವಿ. ಪಿಎಚ್.ಡಿ. ಹುಡುಗರ ಹೆಸರಷ್ಟೇ ಇದೆಯೋ, ಎಂ.ಎಸ್ಸಿ.ಯವರದ್ದೂ ಇದೆಯೋ? ಬೇರೊಂದು ಊರಿನ ಕಾಲೇಜಿನಲ್ಲಿ, ಹೆಸರು ಬೇಡ, ಎಚ್.ಪಿ.ಎಲ್.ಸಿ. ಮೇಲೆ ಆಯುಧಪೂಜೆಯ ಕುಂಕುಮ ಹಾಗೇ ಒಣಗಿ ಕೂತಿತ್ತು, ಲಾಗ್ ಬುಕ್ ಖಾಲಿ. ಮಾಹಿತಿ ಪುಸ್ತಿಕೆಯಲ್ಲಿ ಅದೇ ಯಂತ್ರದ ಬಣ್ಣದ ಫೋಟೋ ಇತ್ತು.

ಕೆಲಸದ ಲೆಕ್ಕಕ್ಕೆ ನಂಜನಗೂಡಿನ ದಾರಿ ಹಿಡಿಯಬೇಕು. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಔಷಧದ ಮೂಲವಸ್ತು ತಯಾರಿಸುವ ಘಟಕವಿದೆ. ಇಂಥ ಘಟಕಗಳಲ್ಲಿ ಹೊಸಬರಿಗೆ ಹೆಚ್ಚಾಗಿ ಸಿಗುವುದು ಕ್ವಾಲಿಟಿ ಕಂಟ್ರೋಲ್ ಕೆಲಸ. ಬ್ಯಾಚಿನಿಂದ ಬ್ಯಾಚಿಗೆ ಅದೇ ಪರೀಕ್ಷೆ, ಬರೆದದ್ದಕ್ಕೆಲ್ಲ ಸಹಿ, ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ. ಶಿಫ್ಟ್ ಬೇರೆ. ‘ಟ್ರೈನಿ ಕೆಮಿಸ್ಟ್’ ಎಂಬ ಹುದ್ದೆಯ ಮೊದಲ ಸಂಬಳ ಕೇಳಿ ಅಪ್ಪಂದಿರ ಮುಖ ಸಪ್ಪಗಾಗುವುದುಂಟು. ಅದೇ ಬೆಂಚಿನಲ್ಲಿ ಬಿ.ಎಸ್ಸಿ. ಓದಿದವರೂ ನಿಂತಿರುತ್ತಾರಲ್ಲ! ಎಂ.ಎಸ್ಸಿ.ಯ ಬೆಲೆ ತೆರೆದುಕೊಳ್ಳುವುದು ಬೆಂಗಳೂರಿನ ಸಿಂಜೀನ್‌ನಂಥ ಗುತ್ತಿಗೆ ಸಂಶೋಧನಾ ಕಂಪನಿಗಳಲ್ಲಿ, ಹೈದರಾಬಾದಿನ ಔಷಧ ಕಂಪನಿಗಳಲ್ಲಿ. ಊರು ಬಿಡಲು ಸಿದ್ಧರಿರಬೇಕು.

ಹಾಗಂತ ಮೈಸೂರು ಕೆಮಿಸ್ಟ್ರಿಗೆ ಬರಡು ನೆಲವಲ್ಲ. 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ. ಇಲ್ಲಿದೆ, ಸೈನಿಕರ ಆಹಾರ ರೂಪಿಸಲು ಡಿ.ಎಫ್.ಆರ್.ಎಲ್. ಎಂಬ ಹೆಸರಿನಲ್ಲಿ ಶುರುವಾದ ರಕ್ಷಣಾ ಪ್ರಯೋಗಾಲಯವಿದೆ. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ, ಹುಟ್ಟಿದ ಮೈಸೂರು ಬಣ್ಣ ಮತ್ತು ಅರಗು ಕಾರ್ಖಾನೆಯಿದೆ. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಶಾಯಿ ಅಲ್ಲಿಯದೇ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕು ಬಿದ್ದು ಕಪ್ಪಾಗುವುದನ್ನು ಪ್ರತಿ ಬಿ.ಎಸ್ಸಿ. ಹುಡುಗನೂ ತನ್ನ ಬೆರಳ ಮೇಲೇ ಕಂಡಿರುತ್ತಾನೆ, ಟೈಟ್ರೇಶನ್ ದಿನ. ಆದರೆ ಇಂಥ ಸಂಸ್ಥೆಗಳಲ್ಲಿ ಕಾಯಂ ಹುದ್ದೆಗಳು ಬೆರಳೆಣಿಕೆಯವು.

ಉಳಿದದ್ದು ಮೇಷ್ಟ್ರ ಕೆಲಸ. ಪಿ.ಯು. ಉಪನ್ಯಾಸಕರಾಗಲು ಎಂ.ಎಸ್ಸಿ. ಜೊತೆ ಬಿ.ಎಡ್. ಬೇಕು, ನೇಮಕಾತಿಯೋ ವರ್ಷಗಟ್ಟಲೆ ಬರುವುದೇ ಇಲ್ಲ. ಪದವಿ ಕಾಲೇಜಿನ ಅತಿಥಿ ಉಪನ್ಯಾಸಕರ ಪಾಡನ್ನು ಅವರ ಮುಷ್ಕರಗಳೇ ಹೇಳಿವೆ. ಅದಕ್ಕಿಂತ ನೆಟ್‌ನಲ್ಲಿ ಜೆ.ಆರ್.ಎಫ್. ಪಾಸು ಮಾಡಿ ಸಂಶೋಧನೆಗೆ ಸೇರುವುದು ಲೇಸು. ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಬರುತ್ತದೆ, 2023ರ ಆರಂಭದಿಂದ ಜಾರಿಯಾದ ದರ ಅದು.

ವಿಭಾಗ ನೋಡಲು ಹೋದವರು ಹೊರಡುವ ಮುನ್ನ ಕೊನೆಯ ಸೆಮಿಸ್ಟರಿನ ಹುಡುಗರನ್ನು ಕ್ಯಾಂಟೀನಿನಲ್ಲಿ ಹಿಡಿದು, ಪ್ರಾಜೆಕ್ಟ್ ಏನು ಮಾಡಿದಿರಿ ಎಂದು ಕೇಳಬೇಕು. ಶೀರ್ಷಿಕೆ ಒಪ್ಪಿಸಿ ಸುಮ್ಮನಾದರೆ ಒಂದು ಅರ್ಥ. ‘ಕಾಲಮ್ಮಿಗೆ ನೂರು-ಇನ್ನೂರು ಮೆಶ್ ಸಿಲಿಕಾ ಹಾಕಿದ್ವಿ, ಮೊದಲನೇ ಸಲ ಬಿರುಕು ಬಿಡ್ತು, ಯೀಲ್ಡ್ ಅರ್ಧಕ್ಕರ್ಧ ಹೋಯ್ತು’ ಎಂದು ಟೀ ಆರುವ ತನಕ ಹೇಳುತ್ತ ಹೋದರೆ, ಅಂಥವರನ್ನು ತಯಾರಿಸುವ ವಿಭಾಗಕ್ಕೆ ಅರ್ಜಿ ಹಾಕಬಹುದು. ಇಂಟರ್‌ವ್ಯೂನಲ್ಲಿ ಕಂಪನಿಯವರು ಕೇಳುವುದೂ ಇದನ್ನೇ.